ಹೊಳೆಯುವ ಬೆಸುಗೆ

ಪರೀಕ್ಷೆ ಪೆಟ್ಟಿಗೆಯ ದೀಪ ಮತ್ತೆ ಕೆಂಪಾಯಿತು. ಗಾಜಿನ ಆಚೆ ನಸ್ರೀನ್ ಸರ್ಕ್ಯೂಟ್ ಬೋರ್ಡನ್ನು ಹೊರತೆಗೆದು, ಮೂಲೆಯಲ್ಲಿದ್ದ ಮುದ್ರೆ ನೋಡಿದಳು. ಈಚೆ ಬೆಂಚಿನಲ್ಲಿದ್ದ ಮಬ್ರೂಕಾ ಬೆಸುಗೆ ಹಾಕುವುದನ್ನು ನಿಲ್ಲಿಸಿ ಅತ್ತ ನೋಡಿದಳು. ಬೆಸುಗೆ ಹಾಕಿದವರು ತಮ್ಮ ಸಂಖ್ಯೆಯನ್ನು ಒತ್ತಬೇಕೆಂಬ ನಿಯಮ ಅಲ್ಲಿಯದು. ಆ ಬೋರ್ಡಿನ ಮೇಲೆ ಹದಿನೇಳು ಇರುತ್ತದೆ, ಹದಿನೇಳು ಅವಳದೇ.

ಎರಡು ಗಂಟೆಗೆ ಜರ್ಮನಿಯಿಂದ ಸರಕು ಕೊಳ್ಳುವವರು ಬರುವವರಿದ್ದರು. ಬಟ್ಟೆ ತೊಳೆಯುವ ಯಂತ್ರಕ್ಕೆ ಹೋಗುವ ಈ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಸಾವಿರಕ್ಕೆ ಒಂದು ಪಾಲು ಮೀರಿದರೆ ಇಡೀ ಲಾಟು ವಾಪಸ್, ಮಾಡಿದವಳು ಮನೆಗೆ.

ಮೊನಾಸ್ತೀರ್ ಪಟ್ಟಣದ ಆ ಕಾರ್ಖಾನೆಯಲ್ಲಿ ಮಬ್ರೂಕಾಳದು ಇಪ್ಪತ್ತೆಂಟು ವರ್ಷ ಪಳಗಿದ ಕೈ. ಒಳ್ಳೆಯ ಬೆಸುಗೆ ಮದುಮಗಳಂತೆ ಹೊಳೆಯಬೇಕು, ಮಂಕಾದರೆ ಅದು ಕೆಟ್ಟ ಕೆಲಸ ಎಂದು ಮೇಸ್ತ್ರಿ ಕಲಿಸಿದ್ದ. ಆಮೇಲೆ ಬೆಸುಗೆಗೆ ಕರಗಿಸುವ ಸೀಸದ ತಂತಿಯನ್ನು ನಿಲ್ಲಿಸಿ ಹೊಸ ತಂತಿ ಕೊಟ್ಟರು. ಅದು ಎಷ್ಟು ಚೆನ್ನಾಗಿ ಹಾಕಿದರೂ ಬೂದಿ ಬಳಿದಂತೆಯೇ ಕಾಣುತ್ತಿತ್ತು. ಸೀಸ ಹೊಟ್ಟೆಯಲ್ಲಿರುವ ಮಗುವಿನ ತಲೆಗೇ ಹೋಗುತ್ತದೆ ಎಂದು ತರಬೇತಿಗೆ ಬಂದ ಹೆಂಗಸು ಹೇಳಿದಾಗ ಮಬ್ರೂಕಾ ನಕ್ಕಿದ್ದಳು: "ನಾನು ಇದರಲ್ಲೇ ಮುಳುಗಿ ಮೂರು ಹೆತ್ತಿಲ್ವೇನಮ್ಮಾ?" ಬೂದಿಯ ಮೇಲೆ ತನ್ನ ಮುದ್ರೆ ಒತ್ತಲು ಅವಳಿಗೆ ಕೈ ಬರಲಿಲ್ಲ. ಹಳೇ ಊರಿನ ರೇಡಿಯೊ ರಿಪೇರಿಯವನ ಹತ್ತಿರ ಹಳೇ ತಂತಿ ಸಿಗುತ್ತಿತ್ತು. ಗೇಟಿನಲ್ಲಿ ಚೀಲ ತಡಕುತ್ತಾರೆ, ಆದರೆ ಊಟದ ಡಬ್ಬಿ ಬಿಚ್ಚಿಸುವಷ್ಟು ಮರ್ಯಾದೆಗೆಟ್ಟವರು ಯಾರೂ ಇರಲಿಲ್ಲ. ರೊಟ್ಟಿಯ ಅಡಿಯಲ್ಲಿ ಆ ತಂತಿಯ ಒಂದು ಸುರುಳಿ ಬರುತ್ತಿತ್ತು, ತೀರಾ ಮಂಕಾದ ಬೆಸುಗೆಗೆ ಒಂದೊಂದು ತೊಟ್ಟು ಸೇರುತ್ತಿತ್ತು. ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಸೀಸ ಪತ್ತೆಹಚ್ಚುವ ಈ ಹಾಳು ಪೆಟ್ಟಿಗೆ ಬಂದದ್ದು ಹೋದ ವಾರ.

ನಸ್ರೀನ್ ಹೊರಗೆ ಬಂದಳು. ತೀರಿಹೋದ ಅಕ್ಕನ ಮಗಳು. ಮದುವೆಯಾಗಿ ಆರು ವರ್ಷಕ್ಕೆ ಈಗ ಐದು ತಿಂಗಳ ಬಸುರಿ.

"ಚಿಕ್ಕಮ್ಮಾ, ಹನ್ನೊಂದು ಬೋರ್ಡು. ಎಲ್ಲಾ ನಿನ್ನವೇ."

"ನಂಗೇನು ಗೊತ್ತೇ? ಅವರು ಕೊಟ್ಟ ತಂತೀಲೇ ಏನೋ ಬೆರೆತಿರ್ಬೇಕು."

"ತಂತಿ, ಚಿಮಟ, ಕೈಗವಸು ಎಲ್ಲಾ ಹಾಕಿ ನೋಡ್ದೆ. ಹಸಿರೇ ಬಂತು."

ಸುರುಳಿ ಮಬ್ರೂಕಾಳ ಜೇಬಿನಲ್ಲೇ ಇತ್ತು, ತೊಡೆಗೆ ಒತ್ತುತ್ತಿತ್ತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಆ ಗಂಟೆಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

ಬೆಂಚಿನ ಹಿರಿಯಳೇ ರೊಟ್ಟಿ ಮುರಿದು ಹಂಚುವುದು ಅಲ್ಲಿನ ರೂಢಿ. ಬಸುರಿ ಇದ್ದರೆ ಮೊದಲ ತುಂಡು ಅವಳಿಗೆ. ಮಬ್ರೂಕಾ ಡಬ್ಬಿ ಬಿಚ್ಚಿ, ಬಿಸ್ಮಿಲ್ಲಾ ಎಂದು ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟಳು. ನಸ್ರೀನ್ ತನ್ನ ತುಂಡನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ, ಎಲ್ಲೋ ನೋಡುತ್ತಾ ಗಬಗಬ ತಿಂದು ಮುಗಿಸಿದಳು.

"ಹೊರಗಿಂದ್ಲೇ ಏನೋ ಬರ್ತಿದೆ," ಎಂದಳು. "ಗೇಟಲ್ಲಿ ಬಿಚ್ಚಿ ನೋಡದೇ ಇರೋದು ಏನಿದೆ?"

"ಊಟದ ಡಬ್ಬಿ!" ಎಂದು ನಕ್ಕಳು ಪಕ್ಕದ ವಸೀಲಾ. "ನನ್ನ ಅತ್ತೆ ಅರೆದ ಮೆಣಸಿನ ಚಟ್ನಿ ಹಾಕಿ ನೋಡೇ, ನಿನ್ನ ಪೆಟ್ಟಿಗೆ ಸುಟ್ಟೇ ಹೋಗುತ್ತೆ."

ಎಲ್ಲರೂ ನಕ್ಕರು. ನಸ್ರೀನ್ ಕೂಡ ನಕ್ಕು, ಕೈಗೆ ಸಿಕ್ಕ ಡಬ್ಬಿ ಎತ್ತಿಕೊಂಡಳು. ಅದು ಮಬ್ರೂಕಾಳದು.

"ಬಿಡೇ, ಎಣ್ಣೆ ಮೆತ್ತುತ್ತೆ," ಎಂದಳು ಮಬ್ರೂಕಾ. ಆದರೆ ಏಳಲಿಲ್ಲ. ಸುರುಳಿ ಜೇಬಿನಲ್ಲಿದೆ, ಖಾಲಿ ಡಬ್ಬಿಯಲ್ಲಿ ಏನಿದ್ದೀತು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ನಸ್ರೀನ್ ಒಳಗೆ ಹೋದಳು, ಗಾಜಿನ ಆಚೆ ಪೆಟ್ಟಿಗೆಯ ಮುಚ್ಚಳ ಬಿತ್ತು. ವಸೀಲಾ ಇನ್ನೂ ಅತ್ತೆಯ ವಿಷಯ ಹೇಳುತ್ತಲೇ ಇದ್ದಳು.

ದೀಪ ಕೆಂಪಾಯಿತು.

ನಸ್ರೀನ್ ಡಬ್ಬಿಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ತಳದಲ್ಲಿ ಸುರುಳಿಯ ಅಳತೆಗೆ ಸರಿಯಾಗಿ ಒಂದು ಬೂದು ಬಳೆ ಮೂಡಿತ್ತು. ದಿನಾ ತೊಳೆಯುತ್ತಿದ್ದ ಮಬ್ರೂಕಾ ಅದನ್ನು ಎಣ್ಣೆಯ ಕಲೆ ಎಂದುಕೊಂಡಿದ್ದಳು. ಹುಡುಗಿ ಡಬ್ಬಿಯಿಂದ ಕಣ್ಣೆತ್ತಿ ಚಿಕ್ಕಮ್ಮನನ್ನು ನೋಡಿದಳು.

ಎರಡು ಗಂಟೆ, ಜರ್ಮನಿಯವರು, ಕೆಲಸ, ಯಾವುದೂ ಮಬ್ರೂಕಾಳಿಗೆ ನೆನಪಾಗಲಿಲ್ಲ. ತರಬೇತಿಯ ಹೆಂಗಸಿನ ಮಾತು ನೆನಪಾಯಿತು. ಹುಟ್ಟಿದ ಮೇಲೆ ಎಂದೂ ಕಾಣದ ಭಯ ಕಾಲಿನಿಂದ ಮೇಲೇರಿತು. ಎದ್ದು, ಜೇಬಿನಿಂದ ಸುರುಳಿ ತೆಗೆದು ಬೆಂಚಿನ ಮೇಲಿಟ್ಟಳು.

"ಸೀಸ ಹಚ್ಚಿದ್ದು ನಾನೇ," ಎಂದಳು. "ತಿನ್ಬೇಡಿ. ಯಾರೂ ತಿನ್ಬೇಡಿ. ಕೊಡಿ ಇಲ್ಲಿ."

ವಸೀಲಾಳ ಕೈಯಿಂದ ಕಿತ್ತುಕೊಂಡಳು, ಅವಳ ಆಚೆಯವಳಿಂದ, ಅದರಾಚೆಯವಳಿಂದಲೂ ಕಿತ್ತುಕೊಂಡಳು. ರೊಟ್ಟಿಯ ತುಂಡುಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡು ಗಾಜಿನ ಬಾಗಿಲಿಗೆ ಹೋದಳು. ಅಲ್ಲಿ ನಿಂತು ನಸ್ರೀನಳ ಮುಂದೆಯೂ ಕೈ ಚಾಚಿದಳು.

ನಸ್ರೀನಳ ಕೈ ಖಾಲಿಯಾಗಿತ್ತು. ಬೆರಳ ತುದಿಯಲ್ಲಿ ಎಣ್ಣೆ ಇನ್ನೂ ಹೊಳೆಯುತ್ತಿತ್ತು.