ಗುಟ್ಟದ ಕಾಲುವೆಗೆ ಎರಡು ಬಾಯಿ

“ಕಾಲು ತೆಗಿಯೇ ಮುಂಡೇದೆ, ಅದು ಸ್ವಾಮಿ ನೀರು ಬರೋ ದಾರಿ.”

ಗುಡಿ ಕಮಿಟಿಯ ಅಧ್ಯಕ್ಷ ಹರಿಕೃಷ್ಣ ಬಂಡೆಯ ಮೇಲೆ ನಿಂತು ಹೀಗೆ ಬೈದಾಗ ಅಶ್ವತ್ಥಮ್ಮ ಕಾಲುವೆಯೊಳಗೆ ಇಳಿದು ಅದೇ ದಾರಿಯ ಮಣ್ಣು ಬಾಚುತ್ತಿದ್ದಳು. ಕಾಲು ತೆಗೆದು ಹೆಗಲ ಮೇಲೆ ಇಟ್ಟುಕೊಳ್ಳಲೇ ಎಂದು ಅವಳೇನೂ ಕೇಳಲಿಲ್ಲ. ಆದರೆ ಮಂಕರಿ ಹಿಡಿದು ನಿಂತಿದ್ದ ಪೆದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕ ರೀತಿಗೆ, ಕೇಳಿದಷ್ಟೇ ಆಯಿತು.

ಮಂಚೇನಹಳ್ಳಿ ದಾಟಿದರೆ ಸಿಗುವ ಗುಡ್ಡಕ್ಕೆ ಅಲ್ಲಿಯವರು ಗುಟ್ಟ ಎನ್ನುತ್ತಾರೆ; ಅದರ ನೆತ್ತಿಯೆಲ್ಲ ಹುಲ್ಲುಬಯಲು. ಬಯಲಿನ ನಡುವೆ, ಬೇಸಿಗೆಯಲ್ಲೂ ಬತ್ತದ ಒಂದು ದೊಣೆ. ದೊಣೆಯಿಂದ ಕೆಳಗಿನ ಗುಡಿಯ ಪುಷ್ಕರಣಿಗೆ ಪಾಳೇಗಾರರು ಹಾಕಿಸಿದ ಕಲ್ಲುಕಾಲುವೆ ಮಣ್ಣು ಹೊದ್ದು ಮಲಗಿತ್ತು. ಅದನ್ನು ಎಬ್ಬಿಸಲು ಬೆಂಗಳೂರಿನಿಂದ ಸಂಶೋಧಕ ರಘುನಂದನ್ ಬಂದಿದ್ದ. ಕಲ್ಲು ಕಂಡರೆ ಸಾಕು, ಕುಂಚ ತೆಗೆದು ಕೂಸಿನ ಕೆನ್ನೆ ಒರೆಸಿದಂತೆ ಒರೆಸುವನು. ಅಗೆಯುವುದು ಮಾತ್ರ ಊರಾಚೆಯ ದಲಿತರ ಕಾಲೋನಿಯ ಹೆಂಗಸರು.

ಗುಡಿಯ ಗೋಡೆಗೆ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಅಶ್ವತ್ಥಮ್ಮನ ಗುದ್ದಲಿಗೆ ಒಂದು ಪಕ್ಕದ ಬಾಯಿ ಸಿಕ್ಕಿತು. ಕಲ್ಲಿನಲ್ಲಿ ದುಂಡಗೆ ಕೊರೆದ ಬಾಯಿ. ಅಲ್ಲಿಂದ ಒಂದು ಮರಿಕಾಲುವೆ ನೇರ ಇಳಿದು ಕಾಲೋನಿಯ ಹುಣಸೆಮರದ ಬುಡ ಸೇರಿತ್ತು. ಅಲ್ಲೊಂದು ಕಲ್ಲುತೊಟ್ಟಿ. ಇಷ್ಟು ಕಾಲ ಕಾಲೋನಿಯವರು ಅದರಲ್ಲಿ ಆಡಿನ ಮರಿಗಳನ್ನು ಕೂಡಿಹಾಕುತ್ತಿದ್ದರು.

ರಘುನಂದನ್‌ಗೆ ಖುಷಿಯೋ ಖುಷಿ. “ನೋಡಿಯಮ್ಮ, ಆ ಕಾಲದಲ್ಲೇ ನಿಮ್ಮ ಕೇರಿಗೂ ನೀರು ಬಿಟ್ಟಿದ್ದಾರೆ” ಎಂದ. ಅಂದು ಸಂಜೆ ಕಾಲೋನಿಯಲ್ಲಿ ಆಡಿನ ಮರಿಗಳಿಗೆ ಬೇರೆ ಜಾಗ ಹುಡುಕಿದರು, ತೊಟ್ಟಿ ತೊಳೆದರು.

ಮಾರನೆಯ ದಿನ ಹರಿಕೃಷ್ಣನ ಕಾರು ಬಂತು. ರಘುನಂದನ್ ಹತ್ತಿ ಕೂತ, ಇಬ್ಬರೂ ಗಾಜು ಏರಿಸಿಕೊಂಡು ಮಾತಾಡಿದರು. ಇಳಿದು ಬಂದ ರಘುನಂದನ್ ನೆಲ ನೋಡುತ್ತಾ, ಅದು ಹೆಚ್ಚಾದ ನೀರು ಹೋಗುವ ತೂತು ಇರಬೇಕು, ಮುಚ್ಚಿಬಿಡಿ ಎಂದ. ಅಶ್ವತ್ಥಮ್ಮ ಗುದ್ದಲಿ ಊರಿ ನಿಂತಳು. ಹಾಗಾದರೆ ತೊಟ್ಟಿ ಯಾಕೆ ಕಟ್ಟಿಸಿದರು ಎಂದಳು.

“ಕಾಲೋನಿಗೆ ನಲ್ಲಿ ಹಾಕ್ಸಿಲ್ವೇನೇ?” ಎಂದ ಹರಿಕೃಷ್ಣ. “ಅಂಡು ತೊಳ್ಕಳಕ್ಕೆ ಸ್ವಾಮಿ ನೀರೇ ಬೇಕಾ ನಿಮ್ಗೆ?”

ನಲ್ಲಿ ಹಾಕಿಸಿದ್ದು ನಿಜ. ಅದರಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು.

ಬಾಯಿ ಮುಚ್ಚುವ ಕೆಲಸವೂ ಅಗೆದ ಹೆಂಗಸರದೇ. ಕೊಟ್ಟ ಸಿಮೆಂಟು ಪೆದ್ದಮ್ಮನ ಬಚ್ಚಲಿಗೆ ಹೋಯಿತು. ಅಶ್ವತ್ಥಮ್ಮ ಬಾಯಿಗೆ ಹುಲ್ಲು ತುರುಕಿ, ಕೆಮ್ಮಣ್ಣು ಮೆತ್ತಿ, ಮದುವೆ ಹೆಣ್ಣಿಗೆ ಪೌಡರು ಬಳಿದಂತೆ ಮೇಲೊಂದು ಸಿಮೆಂಟುನೀರಿನ ಕೈ ಆಡಿಸಿದಳು. ಹರಿಕೃಷ್ಣ ಚಪ್ಪಲಿಯಲ್ಲಿ ಒತ್ತಿ ನೋಡಿ, ಗಟ್ಟಿಯಾಗಿದೆ ಎಂದ.

ನೀರು ಬಿಡುವ ದಿನ ಶಾಮಿಯಾನ ಹಾಕಿದರು. ಅರ್ಚಕ ದಕ್ಷಿಣಾಮೂರ್ತಿ ಕಾಲುವೆಯುದ್ದಕ್ಕೂ ಪುಣ್ಯಾಹದ ನೀರು ಚಿಮುಕಿಸಿ, ಅಗೆದವರ ಮೈಲಿಗೆ ಕಳೆದರು. ಅಗೆದವರನ್ನು ಶಾಮಿಯಾನದ ಹಗ್ಗದಾಚೆ ನಿಲ್ಲಿಸಿದರು. ಅಶ್ವತ್ಥಮ್ಮ ಅಲ್ಲಿಂದಲೇ ಸ್ವಾಮಿಗೆ ಕೈ ಮುಗಿದಳು. ಅವನಿಗೂ ಅವಳಿಗೂ ಜಗಳವೇನಿರಲಿಲ್ಲ.

ದೊಣೆಯ ಕಲ್ಲು ಸರಿಸಿದರು. ನೀರು ಅರ್ಧ ದಾರಿ ಬಂದು ನಿಂತುಬಿಟ್ಟಿತು. ರಾತ್ರಿಯ ಗಾಳಿಗೆ ಎಲೆಕಸ ತುಂಬಿ ಕಟ್ಟಿಕೊಂಡಿತ್ತು. ಹೊಸ ನೀರು ಬಿಟ್ಟಾಗ, ಊರಿನ ಕಾಲುವೆ ನೋಡಿಕೊಳ್ಳುವ ನೀರುಗಂಟಿ ಮನೆಯವರು ಹೊಂಗೆಕೊಂಬೆ ಎಳೆಯುತ್ತಾ ಮುಂದೆ ನಡೆಯಬೇಕು, ನೀರು ಹಿಂದೆ ಬರಬೇಕು. ಊರಿನ ರೂಢಿ ಅದು. ನೀರುಗಂಟಿ ಮನೆ ಎಂದರೆ ಅಶ್ವತ್ಥಮ್ಮನ ಮನೆ. ಕಮಿಟಿಯವರೆಲ್ಲ ಮಿಂದು ರೇಷ್ಮೆ ಪಂಚೆ ಉಟ್ಟು ಮಡಿಯಲ್ಲಿದ್ದರು. ಅವಳೇ ನಡೆಯಲಿ, ಆಮೇಲೆ ಇನ್ನೊಂದು ಪುಣ್ಯಾಹ ಹಾಕಿದರಾಯಿತು ಎಂದರು ಅರ್ಚಕರು.

ಅಶ್ವತ್ಥಮ್ಮ ಕೊಂಬೆ ಎಳೆಯುತ್ತಾ ಬಂದಳು. ನೀರು ಕರುವಿನಂತೆ ಅವಳ ಹಿಮ್ಮಡಿ ನೆಕ್ಕುತ್ತಾ ಬಂತು. ವಾಲಗ ಶುರುವಾಯಿತು.

“ಸಾಕು, ಅಲ್ಲೇ ಹತ್ತು ಮೇಲಕ್ಕೆ” ಎಂದ ಹರಿಕೃಷ್ಣ. ಅವಳು ಮುಚ್ಚಿದ ಬಾಯಿಯನ್ನು ಆಗಷ್ಟೇ ದಾಟಿದ್ದಳು. ಕೊಂಬೆ ಆಚೆ ಎಸೆದಳು. ಸೀರೆ ಹರಡಿಕೊಂಡು ಕಾಲುವೆಯೊಳಗೆ ಕೂತಳು. ಅಳತೆ ಕೊಟ್ಟು ಕೆತ್ತಿಸಿದಂತೆ ಕಾಲುವೆ ಅವಳ ಮೈಗೆ ಸರಿಯಾಯಿತು.

“ಸುಸ್ತಾಯ್ತು ಸ್ವಾಮಿ. ಒಂದ್ಗಳಿಗೆ ಕೂತ್ಕಂತೀನಿ.”

“ಎದ್ದೇಳೇ ಬೇವರ್ಸಿ. ಮುಹೂರ್ತ ಮೀರ್ತದೆ.”

“ನಾನೇನು ಬ್ಯಾಡ ಅಂದ್ನಾ? ಮಂಡಿ ಹಿಡ್ಕಂಡೈತೆ.”

ಎಳೆದು ಎಬ್ಬಿಸಬೇಕು. ಎಳೆಯಬೇಕೆಂದರೆ ಮುಟ್ಟಬೇಕು. ಅರ್ಚಕರು ಎರಡೂ ಕೈ ಎದೆಗೆ ಕಟ್ಟಿಕೊಂಡು ಹಿಂದೆ ಸರಿದರು. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಡಿ ಇಲ್ಲದವನು ರಘುನಂದನ್ ಒಬ್ಬನೇ. ಅವನಿಗೆ ಆಗಲೇ ಕ್ಯಾಮೆರಾದ ಗಾಜು ಒರೆಸುವ ಕೆಲಸ ನೆನಪಾಯಿತು. ಹಗ್ಗದಾಚೆಯಿಂದ ಪೆದ್ದಮ್ಮ, “ಊರಕುಂಡಮ್ಮಾ, ಸುಮ್ಕಿರಮ್ಮ, ಮೆಲ್ಲಗೆ ಏಳು, ಸೊಂಟ ಜೋಪಾನ” ಎಂದಳು.

ನೀರು ಅಶ್ವತ್ಥಮ್ಮನ ಬೆನ್ನು ಏರಿತು. ಪಕ್ಕದ ಬಾಯಲ್ಲಿ ಒಂದು ಗುಳ್ಳೆ ಎದ್ದಿತು. ಒಂದು ಹುಲ್ಲುಕಡ್ಡಿ ಹೊರಬಂದು ತೇಲಿತು. ಪೌಡರು ಬಿರಿಯಿತು. ಆಮೇಲೆ ಕೆಮ್ಮಣ್ಣು ಒಟ್ಟಿಗೆ ಕುಸಿದು, ಮರಿಕಾಲುವೆಯಲ್ಲಿ ಕೆಂಪುನೀರು ಹುಣಸೆಮರದ ಕಡೆ ಓಡಿತು. ಪೆದ್ದಮ್ಮ ಕಾಲ ಬಳಿ ಇಟ್ಟುಕೊಂಡಿದ್ದ ಕೊಡ ಎತ್ತಿ ಕಂಕುಳಿಗೆ ಇಟ್ಟುಕೊಂಡು ಅದರ ಹಿಂದೆಯೇ ಹೊರಟಳು. ವಾಲಗದವರಿಗೆ ಯಾರೂ ನಿಲ್ಲಿಸಿ ಎನ್ನಲಿಲ್ಲವಾದ್ದರಿಂದ ಅವರು ಊದುತ್ತಲೇ ಇದ್ದರು.

ಹರಿಕೃಷ್ಣ ಕಾಲುವೆಯ ಅಂಚಿಗೆ ಬಂದು ನಿಂತ.

ಅಶ್ವತ್ಥಮ್ಮ ಅವನ ಕಡೆ ಒದ್ದೆಗೈ ಚಾಚಿದಳು.

“ಕೈ ಕೊಡಿ ಸ್ವಾಮಿ, ಎದ್ದೇಳ್ತೀನಿ.”

ಅವನು ಪಂಚೆ ಎತ್ತಿ ಹಿಡಿದು ನಿಂತೇ ಇದ್ದ. ಅವಳು ಕೈ ಚಾಚಿಕೊಂಡೇ ಇದ್ದಳು. ನೀರು ಹುಣಸೆಮರದ ಕಡೆ ಇಳಿಯುತ್ತಾ ಇತ್ತು.