ಜಾಗಟೆಯವನ ನಿದ್ದೆ

ಮರ್ದಿಕುನ್ ನಿದ್ದೆ ಮಾಡುವುದನ್ನು ನೋಡಲಿಕ್ಕೆಂದೇ ಕೆಲವರು ತೊಗಲುಗೊಂಬೆ ಆಟಕ್ಕೆ ಬರುತ್ತಿದ್ದರು ಎಂದರೆ ಸುಳ್ಳಲ್ಲ. ಮೇಳದ ಹಿಂದಿನ ಮೂಲೆಯಲ್ಲಿ, ಮರದ ಚೌಕಟ್ಟಿಗೆ ತೂಗುಹಾಕಿದ ದೊಡ್ಡ ಜಾಗಟೆಯ ಪಕ್ಕದಲ್ಲಿ ಅವನ ಜಾಗ. ಹಾಡಿನ ಒಂದು ಸುತ್ತು ಮುಗಿದಾಗ ಒಂದು ಏಟು, ಅಷ್ಟೇ ಕೆಲಸ. ನಿಧಾನದ ಹಾಡಾದರೆ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಉಳಿದವರು ಲವಂಗದ ಸಿಗರೇಟು ಹಚ್ಚಿ ನಾಲ್ಕು ದಮ್ಮು ಎಳೆಯುತ್ತಾರೆ. ಮರ್ದಿಕುನ್ ನಿದ್ದೆ ಹೊಡೆಯುತ್ತಿದ್ದ. ಗದ್ದ ಎದೆಗೆ ಬಿದ್ದು, ಗೊರಕೆ ಶುರುವಾಗಿ, ಇನ್ನೇನು ಈ ಸಲ ತಪ್ಪಿಯೇ ಹೋಯಿತು ಎಂದು ಜನ ಉಸಿರು ಬಿಗಿಹಿಡಿದಾಗ ಕೈ ತಾನಾಗಿ ಮೇಲೆದ್ದು ಢೋಂ ಎನ್ನಿಸುತ್ತಿತ್ತು. ಕಣ್ಣು ಆಗಲೂ ಮುಚ್ಚಿಯೇ ಇರುತ್ತಿತ್ತು. ತಲೆ ಮೇಲೆ ತಲೆ ಬಿದ್ದರೂ ಮರ್ದಿಕುನ್‌ನ ಏಟು ತಪ್ಪುವುದಿಲ್ಲ ಎಂದು ಕ್ಲಾಟೆನ್ ಪಟ್ಟಣದ ಸುತ್ತಿನ ಹಳ್ಳಿಗಳಲ್ಲೆಲ್ಲ ಮಾತಿತ್ತು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವವರು ಅಂಥವನ ಪಕ್ಕದಲ್ಲಿ ಮಲಗಿ ನೋಡಬೇಕು. ಅವನ ಹೆಂಡತಿ ಸುಗಿನಾ ಮಲಗಿ ನೋಡಿದವಳು. ಅದೇ ಮೇಳದ ಹಾಡುಗಾರ್ತಿ. ಗಂಡನ ಗೊರಕೆಯ ಏರಿಳಿತವೆಲ್ಲ ಅವಳಿಗೆ ಬಾಯಿಪಾಠ. ಅದು ಏರುತ್ತ ಏರುತ್ತ ಹೋಗಿ ಗಕ್ಕನೆ ನಿಂತುಬಿಡುತ್ತಿತ್ತು. ಉಸಿರೇ ಇಲ್ಲ. ಮೊಣಕೈಯಿಂದ ತಿವಿದರೆ, ನೀರಿನಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸುತ್ತಿದ್ದ. ಬೆಳಗ್ಗೆ ಎದ್ದರೆ ತಲೆಸಿಡಿತ. ಗಾಳಿ ಹೊಕ್ಕಿದೆ ಎಂದು ಅವಳೇ ಬೆನ್ನಿಗೆ ಎಣ್ಣೆ ಹಚ್ಚಿ, ನಾಣ್ಯದ ಅಂಚಿನಿಂದ ಕೆಂಪು ಗೆರೆ ಏಳುವ ಹಾಗೆ ಗೀರುತ್ತಿದ್ದಳು. ಆ ಊರಿನಲ್ಲಿ ಎಲ್ಲ ಕಾಯಿಲೆಗೂ ಅದೇ ಮೊದಲ ಮದ್ದು. ಎಷ್ಟೋ ಮಂದಿಗೆ ಅದೇ ಕೊನೆಯ ಮದ್ದೂ ಆಗಿದೆ.

ಕಡೆಗೆ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದದ್ದೂ ಸುಗಿನಾಳೇ. ಡಾಕ್ಟರಮ್ಮ ಗಂಟಲು ನೋಡಿದಳು, ದಪ್ಪನೆಯ ಕುತ್ತಿಗೆಯನ್ನು ಟೇಪು ಹಿಡಿದು ಅಳೆದಳು. ನಿದ್ದೆ ಬಂದಾಗ ಗಂಟಲು ಮುಚ್ಚಿಕೊಳ್ಳುತ್ತದೆ, ರಾತ್ರಿಯೆಲ್ಲ ಉಸಿರಿಗೆ ಗುದ್ದಾಡಿದವನು ಹಗಲು ತೂಕಡಿಸದೆ ಇನ್ನೇನು ಮಾಡುತ್ತಾನೆ ಎಂದಳು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಆಗಬೇಕು, ಅದಕ್ಕೆ ಮುಂದಿನ ತಿಂಗಳ ದಿನ ಸಿಕ್ಕಿತು. ಮರ್ದಿಕುನ್ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಡಾಕ್ಟರಮ್ಮ ಸುಗಿನಾಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಅಮ್ಮಾ ಎನ್ನುವ ಹಾಗೆ ಬು ಎಂದು ಕರೆದು ಹೇಳಿದಳು.

"ಗೊರಕೆ, ತೂಕಡಿಕೆ, ತಲೆನೋವು, ಇವು ಪರೀಕ್ಷೆ ದಿನದ ತನಕ ಕಾಯ್ತವೆ ಬು. ಆದ್ರೆ ಹಗಲಲ್ಲಿ ಎಬ್ಬಿಸಿದ್ರೂ ಸರಿಯಾಗಿ ಏಳದೆ ಹೋದ್ರೆ, ಎದ್ದು ಏನೇನೋ ಮಾತಾಡಿದ್ರೆ, ತುಟಿ ಉಗುರು ನೀಲಿಗಟ್ಟಿದ್ರೆ, ಸುಮ್ನೆ ಕೂತಲ್ಲೇ ಏದುಸಿರು ಬಂದ್ರೆ, ಎದೆ ನೋವು ಅಂದ್ರೆ, ದಿನ ನೋಡ್ತಾ ಕೂರ್ಬೇಡಿ. ಇದರಲ್ಲಿ ಒಂದೇ ಒಂದು ಕಂಡ್ರೂ ಆವಾಗ್ಲೇ ಕರ್ಕೊಂಡು ಹೋಗಿ."

ಮನೆಗೆ ಬಂದು ಇದನ್ನು ಹೇಳಿದರೆ ಮರ್ದಿಕುನ್ ನಕ್ಕುಬಿಟ್ಟ. ಕಾಯಿಲೆಯಾಗಿದ್ದರೆ ಕೈ ಸರಿಯಾದ ಹೊತ್ತಿಗೆ ಏಳುತ್ತಿತ್ತೇ ಎಂಬುದು ಅವನ ವಾದ. ಅದಕ್ಕೆ ಮೇಳದ ಮದ್ದಳೆಗಾರ ಕಸ್ದಿಯ ಒತ್ತು ಬೇರೆ. ಈ ಕಸ್ದಿ ಒಳ್ಳೆಯವನೇ, ಆದರೆ ಜಗತ್ತಿನಲ್ಲಿ ತಮಾಷೆಯಾಗದ ಸಂಗತಿಯೂ ಒಂದಿರಬಹುದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕುಂಭಕರ್ಣನಿಗೆ ಯಾವ ಡಾಕ್ಟರು ಮದ್ದು ಕೊಟ್ಟಿದ್ದ ಎಂದು ಕೇಳಿ ಗಹಗಹಿಸಿದ. ಸುಗಿನಾ ಎದ್ದು ಅಡುಗೆ ಕೆಲಸಕ್ಕೆ ಹೋದಳು. ಗಂಡನ ಹೆಸರೆಲ್ಲ ನಿಂತಿದ್ದದ್ದೇ ಆ ನಿದ್ದೆಯ ಮೇಲೆ. ಅದನ್ನು ರೋಗ ಎಂದರೆ ಅವನಿಗೆ ಉಳಿಯುವುದೇನು?

ಅದಾದ ಮೇಲೆ ಅವನ ಪಾದ ಬಾತುಕೊಂಡಿತು. ಚಕ್ಕಳಮಕ್ಕಳ ಹಾಕಿ ಕೂತೂ ಕೂತೂ ಹೀಗಾಗಿದೆ ಎಂದುಕೊಂಡಳು. ನೆಗಡಿಯಾಯಿತು, ಅಂಗಡಿಯಿಂದ ಮಾತ್ರೆ ತಂದು ನುಂಗಿದ, ನುಂಗಿದರೆ ನಿದ್ದೆ ಬರಿಸುವ ಜಾತಿಯದು. ಬಚ್ಚಲಿಗೆ ಹೋಗಿ ಬರುವುದರೊಳಗೆ ಏದುಸಿರು. ನೆಗಡಿಯಲ್ಲವೇ, ಇರಬಹುದು ಎಂದಳು. ಒಂದು ಬೆಳಗ್ಗೆ ಅವಳನ್ನು ತೀರಿಹೋದ ತನ್ನ ಅಕ್ಕನ ಹೆಸರು ಹಿಡಿದು ಕರೆದ. ಅವಳು ನಕ್ಕಳು, ಅವನೂ ನಕ್ಕ. ಒಂದೊಂದಕ್ಕೂ ಒಂದೊಂದು ನೆಪ ಸಿಕ್ಕಿತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ ಎಂದರೆ ತಪ್ಪಾದೀತು. ಪುರುಸೊತ್ತಿತ್ತು, ಧೈರ್ಯವಿರಲಿಲ್ಲ.

ಹೀಗಿರುವಾಗ ಬು ಸರಿಂತೆನ್ ಮನೆಯಲ್ಲಿ ಶಾಂತಿಯ ಆಟ ಗೊತ್ತಾಯಿತು. ಬು ಸರಿಂತೆನ್‌ಗೆ ಒಬ್ಬಳೇ ಮಗಳು, ಅವಳಿಗೆ ಮದುವೆ. ಹಿಂದೆ ಮುಂದೆ ಒಡಹುಟ್ಟಿದವರಿಲ್ಲದ ಒಂಟಿ ಮಗು ನರರನ್ನು ತಿನ್ನುವ ಕಾಲನೆಂಬ ದೈತ್ಯನ ಪಾಲು ಎನ್ನುತ್ತಾರೆ. ಹಸಿದ ಕಾಲ ಹುಡುಕಿಕೊಂಡು ಬರುತ್ತಾನೆ, ಗೊಂಬೆಯಾಡಿಸುವ ದಾಲಂಗ್ ಅವನನ್ನು ಪರದೆಯ ಮೇಲೆ ತಡೆದು, ಮಾತಿನಲ್ಲಿ ಕಟ್ಟಿಹಾಕಿ, ಮಂತ್ರ ಹೇಳಿ ಹಿಂದಕ್ಕೆ ಕಳಿಸಬೇಕು. ಉಳಿದ ಆಟಗಳೆಲ್ಲ ರಾತ್ರಿ, ಇದೊಂದು ಮಾತ್ರ ಹಗಲು. ಕಾಲ ಹಿಂದಿರುಗುವ ತನಕ ಮೇಳದವರು ಜಾಗ ಬಿಟ್ಟು ಏಳುವಂತಿಲ್ಲ, ಹಾಡು ಕಡಿಯುವಂತಿಲ್ಲ. ಕಡಿದರೆ ಅವನು ಅಲ್ಲೇ ಉಳಿದುಬಿಡುತ್ತಾನೆ ಎಂದು ನಂಬಿಕೆ. ಸುಗಿನಾಳೂ ಅದನ್ನು ನಂಬಿದವಳೇ.

ಬಿಸಿಲು ಚಪ್ಪರದ ಮೇಲೆ ಚೆನ್ನಾಗಿ ಏರಿತ್ತು. ಮದುಮಗಳು ಬಿಳಿ ಬಟ್ಟೆ ಹೊದ್ದು ತಾಯಿತಂದೆಯ ನಡುವೆ ತಲೆತಗ್ಗಿಸಿ ಕೂತಿದ್ದಳು. ಕಿ ಪ್ರನೋತೊ ಎಂಬ ಮುದಿ ದಾಲಂಗ್ ಕಾಲನ ಗೊಂಬೆಯನ್ನು, ಆ ಕೋರೆಹಲ್ಲಿನ ದೊಡ್ಡ ಮುಖವನ್ನು, ಪರದೆಗೆ ತಂದ. ಸುಗಿನಾ ಅವನ ಬೆನ್ನ ಹಿಂದೆ ಕೂತು ಹಾಡುತ್ತಿದ್ದಳು. ಜಾಗಟೆ ಅವಳಿಗೂ ಹಿಂದೆ. ಗಂಡ ಅವಳ ಕಣ್ಣಿಗೆ ಬೀಳುವಂತಿರಲಿಲ್ಲ, ಕಿವಿಗೆ ಬೀಳುತ್ತಿದ್ದ. ನಿಧಾನದ ಹಾಡು. ಸುತ್ತು ಮುಗಿಯುತ್ತ ಬಂತು. ಮದ್ದಳೆ ಸೂಚನೆ ಕೊಟ್ಟಿತು. ಸುಗಿನಾಳ ದನಿ ಕೊನೆಯ ಸ್ವರಕ್ಕೆ ಇಳಿದು, ಜಾಗಟೆ ಎತ್ತಿಕೊಳ್ಳಲೆಂದು ಕಾಯಿತು.

ಜಾಗಟೆ ಬರಲಿಲ್ಲ.

ಮೇಳವೆಲ್ಲ ಮೆಟ್ಟಿಲು ತಪ್ಪಿದವರ ಹಾಗೆ ಒಮ್ಮೆ ಮುಗ್ಗರಿಸಿ ಮತ್ತೆ ನಡೆಯಿತು. ಕಸ್ದಿ ಮದ್ದಳೆಯ ಮೇಲೆ ಬಾಗಿಕೊಂಡು ಕಿಸಕ್ಕೆಂದ. ಸುಗಿನಾ ಹಾಡುತ್ತಲೇ ತಿರುಗಿ ನೋಡಿದಳು. ಮರ್ದಿಕುನ್ ಚೌಕಟ್ಟಿನ ಕಂಬಕ್ಕೆ ತಲೆ ಆನಿಸಿ ಕೂತಿದ್ದಾನೆ. ಗೊರಕೆಯಿಲ್ಲ. ಪಕ್ಕದವನು ಕೋಲಿನಿಂದ ತಿವಿದ. ಇನ್ನೊಮ್ಮೆ ತಿವಿದ. ಕಣ್ಣು ಅರ್ಧ ತೆರೆಯಿತು.

"ಎಮ್ಮೆ ಕಟ್ಟಿದ್ಯಾ?" ಎಂದ ಮರ್ದಿಕುನ್.

ಹತ್ತಿರದವರೆಲ್ಲ ನಕ್ಕರು. ಅವರ ಮನೆಯಲ್ಲಿ ಎಮ್ಮೆ ಇದ್ದದ್ದು ಅವನ ಅಪ್ಪನ ಕಾಲದಲ್ಲಿ. ಕಣ್ಣು ಮತ್ತೆ ಮುಚ್ಚಿತು. ಮುಂದಿನ ಸುತ್ತಿಗೂ ಜಾಗಟೆ ಬರಲಿಲ್ಲ.

ಸುಗಿನಾ ಹಾಡುತ್ತಲೇ ಇದ್ದಳು, ಅದನ್ನು ಹೇಳಲೇಬೇಕು. ಬಾಯಿ ಹಾಡುತ್ತಿತ್ತು, ತಲೆ ಮೀನಮೇಷ ಎಣಿಸುತ್ತಿತ್ತು. ಇನ್ನು ಸ್ವಲ್ಪ ಹೊತ್ತು, ಕಾಲ ಹೋಗಲಿ, ಶಾಂತಿಯ ಕೊನೆಗೆ ಮದುಮಗಳ ಕೂದಲು ಕತ್ತರಿಸಿ ಮಂತ್ರದ ನೀರು ಹಾಕಲಿ, ಆಮೇಲೆ ನೋಡೋಣ. ಈಗ ಎದ್ದರೆ ಆ ಹುಡುಗಿಗೆ ನಾಳೆ ಏನೇ ಆದರೂ ಊರು ನನ್ನ ಕಡೆಗೇ ಬೆರಳು ತೋರಿಸುತ್ತದೆ. ಇವನಿಗೆ ಬರೀ ನಿದ್ದೆಯೇ ಆಗಿದ್ದರೆ, ನಡು ಆಟದಲ್ಲಿ ಮೇಳದ ಮಾನ ತೆಗೆದೆ ಎಂದು ಜನ್ಮಪೂರ್ತಿ ಮಾತು ಬಿಡುತ್ತಾನೆ. ನಿದ್ದೆ ತಾನೇ. ಇಷ್ಟು ವರ್ಷ ಇದ್ದ ನಿದ್ದೆಯೇ ತಾನೇ.

ಅಷ್ಟರಲ್ಲಿ ಅವನ ತೊಡೆಯ ಮೇಲೆ ಬಿದ್ದಿದ್ದ ಕೈ ಕಣ್ಣಿಗೆ ಬಿತ್ತು. ಉಗುರುಗಳು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿದ್ದವು. ತುಟಿ ನೋಡಿದಳು. ಅದೇ ಬಣ್ಣ. ಡಾಕ್ಟರಮ್ಮ ಒಂದೇ ಒಂದು ಕಂಡರೂ ಎಂದಿದ್ದಳು. ಎಬ್ಬಿಸಿದರೆ ಏಳುತ್ತಿಲ್ಲ, ಎದ್ದರೆ ಎಮ್ಮೆ, ಈಗ ಉಗುರು. ಬಾತ ಪಾದ, ಏದುಸಿರು, ಅಕ್ಕನ ಹೆಸರು, ತಾನು ನೆಪ ಹೇಳಿ ತಳ್ಳಿದ್ದೆಲ್ಲ ಸಾಲಾಗಿ ಬಂದು ಎದುರಿಗೆ ಕೂತವು. ಸುಗಿನಾಳಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹಾಡು ಅರ್ಧಕ್ಕೆ ನಿಂತಿತು. ಅವಳು ಎದ್ದಳು. ವಾದ್ಯಗಳನ್ನು ಯಾರೂ ದಾಟಬಾರದು, ದಾಟಿದರೆ ಅವುಗಳಲ್ಲಿ ನೆಲೆಸಿರುವ ದೈವಗಳಿಗೆ ಅವಮಾನ. ಎಳೆಯ ಹಾಡುಗಾರ್ತಿಯರು ಅಪ್ಪಿತಪ್ಪಿ ಕಾಲು ಚಾಚಿದರೂ ಗದರುತ್ತಿದ್ದವಳು ಸೀರೆಯಂತೆ ಬಿಗಿಯಾಗಿ ಸುತ್ತಿದ್ದ ಬಾತಿಕ್ ಬಟ್ಟೆಯನ್ನು ಮೊಣಕಾಲಿಗೆ ಎತ್ತಿಕೊಂಡು ಕಂಚಿನ ಪಟ್ಟಿಗಳ ವಾದ್ಯಗಳ ಸಾಲುಗಳನ್ನು ದಾಟಿಕೊಂಡೇ ಹೋದಳು.

"ಪಾಕ್ನೆ, ಕಣ್ಣು ಬಿಡಿ. ನಾನು ಯಾರು ಹೇಳಿ," ಎಂದು ಗಂಡನನ್ನು ದಿನವೂ ಕರೆಯುವ ಹಾಗೇ ಕರೆದು ಭುಜ ಹಿಡಿದು ಅಲುಗಿಸಿದಳು. ಉತ್ತರವಿಲ್ಲ. ಉಸಿರು ಆಗೊಂದು ಈಗೊಂದು.

ಚಪ್ಪರದಲ್ಲಿ ಗುಜುಗುಜು ಎದ್ದಿತು. ಒಬ್ಬಾಕೆ ಗಾಳಿ ಹೊಕ್ಕಿದೆ, ಅಂಗಿ ಬಿಚ್ಚಿ ಬೆನ್ನು ಗೀರೋಣ ಎಂದು ಆಗಲೇ ಸೊಂಟದ ಗಂಟಿನಿಂದ ನಾಣ್ಯ ತೆಗೆದಿದ್ದಳು. ಸುಗಿನಾ ಅವಳ ಕೈ ಸರಿಸಿದಳು. ಮದುಮಗಳ ಅಪ್ಪನಿಗೆ ಪಿಕಪ್ ಗಾಡಿಯಿತ್ತು, ಬೀಗದಕೈ ಅವನ ಜೇಬಿನಲ್ಲೇ ಇತ್ತು. ಅವನು ಹೆಂಡತಿಯ ಮುಖ ನೋಡಿದ. ಬು ಸರಿಂತೆನ್ ಮಗಳನ್ನು ತೋಳಿನಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ಅವಳನ್ನು ಬೈಯುವ ಹಾಗಿಲ್ಲ, ಅವಳಿಗಿರುವುದೂ ಒಂದೇ.

"ಯು ಸುಗಿನಾ, ಸ್ವಲ್ಪ ತಡ್ಕೊಳ್ಳಿ," ಎಂದ ಕಸ್ದಿ, ಅಕ್ಕನನ್ನು ಕರೆಯುವ ಹಾಗೆ. ಈಗ ಅವನು ನಗುತ್ತಿರಲಿಲ್ಲ. "ಕಾಲ ಇನ್ನೂ ಹೋಗಿಲ್ಲ."

"ಹೋಗಿಲ್ಲ ಅಂತ ನಂಗೂ ಗೊತ್ತು," ಎಂದಳು ಅವಳು. "ಇಲ್ಲೇ ಇದ್ದಾನೆ, ಇವರ ಪಕ್ಕದಲ್ಲೇ ಕೂತಿದ್ದಾನೆ. ನಾನು ಕೂತ್ಕೊಂಡು ಹಾಡ್ಲಾ?"

ಎಲ್ಲರ ಕಣ್ಣೂ ಕಿ ಪ್ರನೋತೊನ ಬೆನ್ನಿನ ಮೇಲೆ. ಮುದುಕ ಪರದೆಯಿಂದ ಮುಖ ತಿರುಗಿಸಲಿಲ್ಲ. ಎತ್ತಿದ ಗೊಂಬೆಯನ್ನು ಇಳಿಸಲೂ ಇಲ್ಲ.

"ಗಾಡಿ ತೆಗೀರಪ್ಪ," ಎಂದ. "ಹೋಗಿ ಬನ್ನಿ. ಕಾಲನನ್ನ ನಾನು ಇಲ್ಲೇ ಮಾತಾಡಿಸ್ತಾ ಹಿಡ್ಕೊಂಡಿರ್ತೀನಿ. ನನ್ನ ಹತ್ರ ಮಾತಿಗೇನು ಬರವಿಲ್ಲ."

ಕಸ್ದಿ ಭುಜ ಹಿಡಿದ, ಇನ್ನಿಬ್ಬರು ಕಾಲು ಹಿಡಿದರು. ಗಾಡಿಯ ಹಿಂಭಾಗದಲ್ಲಿ ಸುಗಿನಾ ಅವನನ್ನು ಎದೆಗೊರಗಿಸಿ ಕೂರಿಸಿಕೊಂಡಳು. ಅಂಗಾತ ಮಲಗಿಸಲು ಬಿಡಲಿಲ್ಲ. ದಾರಿಯುದ್ದಕ್ಕೂ ಉಸಿರು ನಿಂತಾಗಲೆಲ್ಲ ಅಲುಗಿಸಿ, ಗದ್ದ ಎತ್ತಿ ಹಿಡಿದು, ಬೈದು, ಬೇಡಿಕೊಂಡು, ಒಂದೊಂದು ಉಸಿರನ್ನೂ ಕೇಳಿ ಕೇಳಿ ಪಡೆದಳು. ಹೆಂಡತಿ ಬೈದರೆ ಎಂದೂ ಕಿವಿಗೊಡದವನು ಅವತ್ತು ಹೇಗೋ ಕೇಳಿಸಿಕೊಂಡ.

ಆಸ್ಪತ್ರೆಯವರು ದಿನ ಗೊತ್ತಾಗಿದೆಯೇ ಎಂದು ಕೇಳಲಿಲ್ಲ. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ನೋಡಿದ್ದೇ ಮೂಗುಬಾಯಿಗೆ ಬಿಗಿಯಾದ ಮುಖವಾಡ ಕಟ್ಟಿ, ಯಂತ್ರದಿಂದ ಗಾಳಿ ಒತ್ತತೊಡಗಿದರು. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗದೆ ರಕ್ತದಲ್ಲೇ ತುಂಬಿಕೊಂಡು ಮಂಪರು ಕವಿದಿದೆ, ನೆಗಡಿಯ ಮಾತ್ರೆ ಅದಕ್ಕೆ ಇನ್ನಷ್ಟು ನಿದ್ದೆ ಸೇರಿಸಿದೆ ಎಂದು ಎಳೆಯ ಡಾಕ್ಟರೊಬ್ಬ ಹೇಳಿದ. ಆಟ ಮುಗಿಯಲಿ ಎಂದು ಕಾದಿದ್ದರೆ ಏನಾಗುತ್ತಿತ್ತು ಎಂದು ಸುಗಿನಾ ಕೇಳಿದಳು. ಕರೆದುಕೊಂಡು ಬಂದಿರಲ್ಲ ಎಂದಷ್ಟೇ ಅವನು ಹೇಳಿದ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮರ್ದಿಕುನ್‌ಗೆ ಪೂರ್ತಿ ಎಚ್ಚರವಾಯಿತು. ಕಸ್ದಿ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದ. ನಿನ್ನೆಯ ಆಟ ಚೆನ್ನಾಗಿ ಮುಗಿಯಿತು, ಕಿ ಪ್ರನೋತೊ ಮಾತಾಡಿ ಮಾತಾಡಿ ಕಾಲನಿಗೇ ಸುಸ್ತು ಮಾಡಿ ಕಳಿಸಿದ ಎಂದು ವರದಿ ಒಪ್ಪಿಸಿದ. ಮರ್ದಿಕುನ್ ಮುಖವಾಡವನ್ನು ಒಂದು ಬದಿಗೆ ಸರಿಸಿ ಕೇಳಿದ್ದು ಒಂದೇ ಪ್ರಶ್ನೆ, ಜಾಗಟೆ ತಪ್ಪಿತೇ ಎಂದು.

"ತಪ್ಪೋದಾ? ನೀವಾ?" ಎಂದ ಕಸ್ದಿ, ಅಣ್ಣನಿಗೆ ಹೇಳುವ ಹಾಗೆ. "ನಿದ್ದೆಯಲ್ಲೇ ಹೊಡೆದ್ರಿ ಕಾಂಗ್, ಯಾವಾಗಿನ ಹಾಗೇ. ಆಮೇಲೆ ಮೈ ಸ್ವಲ್ಪ ಬಿಸಿ ಇತ್ತು ಅಂತ ಯು ಸುಗಿನಾ ಗಾಬರಿಯಾದ್ರು ಅಷ್ಟೇ."

ಮರ್ದಿಕುನ್‌ನ ಮುಖ ಅರಳಿತು. ಹಾಗಾದರೆ ಈ ಮೂತಿಗೆ ಕಟ್ಟಿದ್ದು ಯಾಕೆ, ಬಿಚ್ಚಿಸು, ಮನೆಗೆ ಹೋಗೋಣ ಎಂದು ಆಗಲೇ ಪಟ್ಟಿಗೆ ಕೈ ಹಾಕಿದ. ಸುಗಿನಾಳಿಗೆ ಕಸ್ದಿಯ ಮೇಲೆ ಸಿಟ್ಟು ಬರಲಿಲ್ಲ. ಸುಳ್ಳು ಎಷ್ಟು ಪ್ರೀತಿಯಿಂದ ಹೇಳಿದ್ದೆಂದು ಅವಳಿಗೆ ಗೊತ್ತಿತ್ತು. ತನಗೂ ಹಾಗೇ ಹೇಳಬೇಕೆನಿಸಿತ್ತು. ಆದರೂ ಅವಳು ಗಂಡನ ಕೈ ಹಿಡಿದು ತಡೆದಳು.

"ತಪ್ತು ಪಾಕ್ನೆ. ಎರಡು ಸಲ ತಪ್ತು. ಎಲ್ರೂ ಕೇಳಿಸ್ಕೊಂಡ್ರು."

ಕಸ್ದಿ ಬಾಳೆಹಣ್ಣಿನ ಚಿಪ್ಪನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ನೀರು ತರುತ್ತೇನೆಂದು ಹೊರಗೆ ಹೋದ. ಮರ್ದಿಕುನ್ ಗೋಡೆಯ ಕಡೆ ಮುಖ ಮಾಡಿದ. ಕಣ್ಣಿನಿಂದ ಇಳಿದ ನೀರು ಮುಖವಾಡದ ಅಂಚಿಗೆ ಬಂದು ನಿಂತಿತು. ಅವಳು ಒರೆಸಲಿಲ್ಲ, ಸುಮ್ಮನೆ ಕೈ ಹಿಡಿದುಕೊಂಡಿದ್ದಳು. ಕಡೆಗೆ ಅವನು ಈ ಕಡೆ ತಿರುಗಿದ.

"ನೀನು ಆವಾಗ ಹಾಡ್ತಾ ಇದ್ದೆ, ಅಲ್ವಾ?"

"ಇದ್ದೆ."

"ಮತ್ತೆ? ನಡು ಹಾಡಲ್ಲೇ ಬಿಟ್ಟು ಬಂದ್ಯಾ?"

"ಬಿಟ್ಟು ಬಂದೆ."

ಅವನು ಅವಳನ್ನೇ ನೋಡಿದ. ಜ್ವರ ಬಂದಾಗ, ತಾಯಿ ಸತ್ತ ಸುದ್ದಿ ಪರದೆಯ ಪಕ್ಕಕ್ಕೆ ಬಂದಾಗ ಕೂಡ ಸಾಲು ಮುಗಿಸದೆ ಎದ್ದವಳಲ್ಲ ಅವಳು. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಹಾಗಾದ್ರೆ ಇಬ್ರದ್ದೂ ತಪ್ತು," ಎಂದ ಮೆಲ್ಲಗೆ.

"ಹೌದು. ಇಬ್ರದ್ದೂ ತಪ್ತು," ಎಂದಳು ಸುಗಿನಾ. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದವಳು ಆಗ ಮಂಚದ ಅಂಚಿಗೆ ಹಣೆ ಒತ್ತಿ ಅತ್ತುಬಿಟ್ಟಳು. ಮರ್ದಿಕುನ್ ಒಂದು ಕೈಯನ್ನು ಅವಳ ತಲೆಯ ಮೇಲಿಟ್ಟು, ಇನ್ನೊಂದರಿಂದ ಮುಖವಾಡವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡ.