ಒಂದೇ ಗುಂಡಿಯ ಹೆಲಿಕಾಪ್ಟರ್

ಹಿಂದೂಪುರದ ಬಸ್‌ಸ್ಟ್ಯಾಂಡ್ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಓಬುಳೇಶನಿಗೆ ಹೆಲಿಕಾಪ್ಟರ್ ಹುಚ್ಚು ಹಿಡಿದು ಎರಡು ವರ್ಷ. ನಿಜವಾದ ಹೆಲಿಕಾಪ್ಟರಲ್ಲ ಮತ್ತೆ! ಗುಜರಿಯಲ್ಲಿ ಸಿಕ್ಕ ಅಂಗೈಯಗಲದ ಹಳೇ ವಿಡಿಯೋಗೇಮೊಂದನ್ನು ರಿಪೇರಿ ಮಾಡಿ, ಅದಕ್ಕೆ ತಾನೇ ಬರೆದ ಆಟ. ಹೆಲಿಕಾಪ್ಟರ್ ಹಾರಬೇಕು, ಹಗ್ಗ ಇಳಿಬಿಟ್ಟು ಕೆಳಗೆ ಸಿಕ್ಕಿಕೊಂಡ ಜನರನ್ನು ಎತ್ತಿಕೊಳ್ಳಬೇಕು.

ಯಾರಿಗಾಗಿ ಅಂತೀರಾ? ಕಲ್ಯಾಣದುರ್ಗದ ದಯಾನಂದನಿಗೆ. ಪಾಲಿಟೆಕ್ನಿಕ್‌ನಲ್ಲಿ ಇಬ್ಬರದೂ ಒಂದೇ ಬೆಂಚು. ಸ್ನಾಯು ಸವೆಯುವ ಕಾಯಿಲೆ ಅವನನ್ನು ಮೊದಲು ಕುರ್ಚಿಗೆ, ಆಮೇಲೆ ಮಂಚಕ್ಕೆ ಹಾಕಿತು. ಉಳಿದದ್ದು ಎರಡು ಹೆಬ್ಬೆರಳು. ರಿಪೇರಿ ಮಾಡಿದ ಆ ಒಂದೇ ಗೇಮ್ ಸೆಟ್ಟು ಅವನ ದಿಂಬಿನ ಪಕ್ಕದಲ್ಲಿರುತ್ತಿತ್ತು. ಓಬುಳೇಶ ಬರೆದದ್ದನ್ನು ಮೆಮೊರಿ ಕಾರ್ಡಿಗೆ ಹಾಕಿ, ಭಾನುವಾರ ಬಸ್ಸು ಹತ್ತಿ ಹೋಗಿ ಅವನ ಕೈಲಿ ಆಡಿಸಿ ನೋಡುತ್ತಿದ್ದ. ಬೆರಳು ಸೋತಂತೆಲ್ಲ ಆಟದ ಗುಂಡಿಗಳೂ ಕಮ್ಮಿಯಾದವು. ಆರಿದ್ದದ್ದು ಮೂರಾಯಿತು.

ಯುಗಾದಿ ಹೊತ್ತಿಗೆ ದಯಾನಂದ ಹೇಳಿದ್ದ: "ಎಡಗೈ ಹೋಯ್ತು ಕಣ್ಲಾ. ಒಂದೇ ಗುಂಡಿ ಮಾಡ್ಕೊಂಡು ಬಾ. ಒತ್ತಿದ್ರೆ ಮೇಲಕ್ಕೆ, ಬಿಟ್ರೆ ಕೆಳಕ್ಕೆ. ಜನರ ಹತ್ರ ಇಳಿದ್ರೆ ಹಗ್ಗ ತಾನೇ ಬೀಳ್ಲಿ. ಬೇಗ ಬಾ."

"ಮುಂದಿನ ಭಾನ್ವಾರಾನೇ ಬತ್ತೀನಿ," ಅಂದಿದ್ದ ಇವನು.

ಒಂದು ಸಂಜೆಯ ಕೆಲಸ ಅದು. ಮಾಡಿದ, ಆದರೆ ಹೋಗಿ ಕೊಟ್ಟನಾ? ಇಂಥ ಆಟ ಬರೆಯುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು. ಮುಖ ಕಾಣದ ಯಾರೋ ನಾಲ್ಕು ಜನ ಭೇಷ್ ಅಂದರು, ಕೆಳಗೆ ಯುದ್ಧದ ಟ್ಯಾಂಕುಗಳಿದ್ದರೆ ಇನ್ನೂ ಚೆನ್ನ ಅಂದರು. ಅಷ್ಟಕ್ಕೇ ಉಬ್ಬಿಹೋದ ಪುಣ್ಯಾತ್ಮ. ಟ್ಯಾಂಕು ಬರೆದ, ಕ್ಷಿಪಣಿ ಬರೆದ, ಹೊಗೆ ಬರೆದ. ದಯಾನಂದನ ಮನೆಯಿಂದ ಫೋನ್ ಬಂದರೆ "ಇನ್ನೊಂಚೂರು ಐತೆ" ಅನ್ನುತ್ತಾ ಮೂರು ತಿಂಗಳು ದೂಡಿದ.

ಆಷಾಢದಲ್ಲಿ ಕೊನೆಗೂ ಹೊರಟ. ಸೋಮಂದೇಪಲ್ಲಿ ದಾಟುವಾಗ ಜೇಬಿನ ಕಾರ್ಡು ಮುಟ್ಟಿ ನೋಡಿಕೊಂಡು ಒಳಗೊಳಗೇ ಖುಷಿಪಟ್ಟ.

ದಯಾನಂದನ ತಾಯಿ ಗಂಗುಲಮ್ಮ ಬಾಗಿಲು ತೆಗೆದು, "ಬಂದ್ಯೇನಪ್ಪಾ," ಅಂದರಷ್ಟೆ. ಓಬುಳೇಶ ಕಾರ್ಡು ಹಾಕಿಕೊಟ್ಟ ಸೆಟ್ಟನ್ನು ಮಗನ ಬಲಗೈಗೆ ಆನಿಸಿ, ಹೆಬ್ಬೆರಳನ್ನು ತಾವೇ ಎತ್ತಿ ಗುಂಡಿಯ ಮೇಲಿಟ್ಟರು. ಆಟ ಶುರುವಾಯಿತು. ಹೆಲಿಕಾಪ್ಟರ್ ಸೀದಾ ಕೆಳಗಿಳಿದು ಟ್ಯಾಂಕಿನ ಮೇಲೆ ಬಿತ್ತು. ಎರಡನೇ ಸಲವೂ ಬಿತ್ತು.

"ಒತ್ಲಾ," ಅಂದ ಓಬುಳೇಶ.

"ಒತ್ತುತಾನೇ ಇವ್ನಿ," ಅಂದ ದಯಾನಂದ.

ಬೆರಳು ಅಲ್ಲಾಡಲಿಲ್ಲ.

"ಅದೂ ನಿಂತು ಹದಿನೈದು ದಿನ ಆತು," ಗಂಗುಲಮ್ಮ ಹೇಳಿದರು. "ನೀನು ಬತ್ತೀಯ ಅಂತ ದಿನಾ ಬೆಳಿಗ್ಗೆ ಆ ಬೆರಳಿಗೆ ಎಣ್ಣೆ ಹಚ್ಚಿ ತಿಕ್ಕುತಿದ್ದೆ ಕಣಪ್ಪ."

ಕಾಯಿಲೆ ಯಾರ ತಪ್ಪೂ ಅಲ್ಲ, ಆ ಮೂರು ತಿಂಗಳು ಮಾತ್ರ ತನ್ನದು. ನಾಚಿಕೆಯಿಂದ ಓಬುಳೇಶನಿಗೆ ತಲೆ ಎತ್ತಲಾಗಲಿಲ್ಲ.

"ಪರ್ವಾಲೇದು ರಾ, ಹೋಗ್ಲಿ ಬಿಡು," ಅಂದ ದಯಾನಂದ. "ಯಾರೂ ಒತ್ತದಿದ್ರೂ ಬೀಳದಂಗೆ ಮಾಡ್ತೀಯಾ?"

ಓಬುಳೇಶ ಲ್ಯಾಪ್‌ಟಾಪ್ ತೆರೆದ. ಹೆಲಿಕಾಪ್ಟರನ್ನು ಕೆಳಕ್ಕೆ ಎಳೆಯುವ ಅಂಕಿಯ ಜಾಗದಲ್ಲಿ ಸೊನ್ನೆ ಹಾಕಿದ. ಟ್ಯಾಂಕು, ಕ್ಷಿಪಣಿ, ಹೊಗೆ ಎಲ್ಲ ಅಳಿಸಿದ. ಗಂಗುಲಮ್ಮ ಕೊಟ್ಟ ಟೀ ಇನ್ನೂ ಆರಿರಲಿಲ್ಲ. ಸೆಟ್ಟನ್ನು ಗೆಳೆಯನ ಕಣ್ಣೆದುರು ಹಿಡಿದ. ಖಾಲಿ ಆಕಾಶದಲ್ಲಿ ಹೆಲಿಕಾಪ್ಟರ್ ನಿಂತಲ್ಲೇ ನಿಂತು ರೆಕ್ಕೆ ತಿರುಗಿಸುತ್ತಿತ್ತು. ಕೆಳಗೆ ಪುಟ್ಟ ಪುಟ್ಟ ಜನ ಹಗ್ಗಕ್ಕಾಗಿ ಕೈಯೆತ್ತಿ ನಿಂತಿದ್ದರು. ಅವರನ್ನು ಅಳಿಸುವುದು ಮರೆತುಹೋಗಿತ್ತು.

"ತಾಳು, ಅವ್ರನ್ನೂ ತೆಗೀತೀನಿ," ಅಂದ ಓಬುಳೇಶ.

"ಇರ್ಲಿ ಬಿಡ್ಲಾ," ಅಂದ ದಯಾನಂದ. "ನಾನು ಕಾಯ್ಲಿಲ್ವಾ, ಅವ್ರೂ ಕಾಯ್ಲಿ."